ಕ್ಯಾಮೆರಾ ಯಾರ ಕಡೆ ತಿರುಗಿದೆ?



ಶಾಲಾ ಮಕ್ಕಳ ಮುಖ ಸ್ಕ್ಯಾನ್ ಮಾಡಿ ಹಾಜರಿ ಹಾಕೋ ಯೋಜನೆಯನ್ನು 2025ರಲ್ಲಿ ರಾಜ್ಯ ಸರ್ಕಾರ ಮುಂದಿಟ್ಟಿತು. ನಂಜನಗೂಡು, ಟಿ.ನರಸೀಪುರದ ಸರ್ಕಾರಿ ಶಾಲೆಗಳಲ್ಲಿ ಕೂತಿರೋರು ಯಾರ ಮಕ್ಕಳು? ನಮ್ಮ ಕೇರಿ ಮಕ್ಕಳು. ಮುಖ ಒಪ್ಪಿಸಬೇಕಾದವರೂ ಅವರೇ.

"ಕ್ಯಾಮೆರಾ ಬಂದ್ರೆ ಶಾಲೆಗೆ ಜವಾಬ್ದಾರಿ ಬರುತ್ತೆ" ಅಂತಾರೆ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು ಬಯಲಾಯ್ತು. ಮುಖ ನೋಡೋ ಯಂತ್ರ ಅಂಥ ಮಗುವನ್ನೂ 'ಹಾಜರ್' ಅಂತಲೇ ಬರ್ಕೊಳ್ಳುತ್ತೆ.

ಮೇಲಿನವರನ್ನ ಕೇಳೋ ಹಕ್ಕು ಕಾನೂನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಓದಿ: ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು, ಅವಕಾಶ ವಂಚಿತರಿಗೆ ಪ್ರಮಾಣಕ್ಕೆ ತಕ್ಕ ಸ್ಥಾನ. ಅನುದಾನದ ಲೆಕ್ಕ ನೋಡೋದೂ ಅದರ ಕೆಲಸ. ಎಷ್ಟು ಊರಲ್ಲಿ ಈ ಸಭೆ ಬರೀ ಕಾಗದದ ಮೇಲೆ ನಡೆಯುತ್ತೆ, ನಿಮಗೇ ಗೊತ್ತು.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ ಕೇಳಿ: ಫೋಟೊ ಎಲ್ಲಿಡ್ತೀರಿ? ಯಾರು ನೋಡ್ತಾರೆ? ಯಾವಾಗ ಅಳಿಸ್ತೀರಿ? ಬಿಸಿಯೂಟದ ಸಾಲಲ್ಲಿ ನಮ್ಮ ಮಗೂನ ದೂರ ಕೂರಿಸಿದ್ರೆ ಉತ್ತರ ಕೊಡೋರು ಯಾರು?

ಉತ್ತರ ಬರವಣಿಗೆಯಲ್ಲಿ ಬರೋವರೆಗೂ ನನ್ನ ಮಗಳ ಮುಖ ಕೊಡಲ್ಲ. ನೀವೂ ಕೊಡಬೇಡಿ.