ದೇಶಾಂತರದ ಮಾತು: ಮಾಮೂಲಿನ ಪಟ್ಟಣ

ಪಟ್ಟಣಗಳು ಹುಟ್ಟುವುದಕ್ಕೆ ಲೋಕದಲ್ಲಿ ನಾನಾ ಕಾರಣಗಳುಂಟು. ಒಂದು ನದಿಯ ದಡದಲ್ಲಿ ಹುಟ್ಟುತ್ತದೆ, ಒಂದು ದೇವಾಲಯದ ಸುತ್ತ ಬೆಳೆಯುತ್ತದೆ, ಇನ್ನೊಂದು ಸಂತೆಯ ದೆಸೆಯಿಂದ ಊರಾಗುತ್ತದೆ. ಮೆಕ್ಸಿಕೋ ದೇಶದ ಪೂರ್ವದ ತುದಿಯಲ್ಲಿ, ಕೆರಿಬಿಯನ್ ಸಮುದ್ರದ ತಡಿಯಲ್ಲಿರುವ ಕಾನ್ಕೂನ್ ಎಂಬ ಪಟ್ಟಣವಾದರೋ ಸರ್ಕಾರದ ಬ್ಯಾಂಕಿನವರ ಲೆಕ್ಕದ ಪುಸ್ತಕದಲ್ಲಿ ಹುಟ್ಟಿತು. ಪರದೇಶದ ಹಣವನ್ನು ತಮ್ಮ ದೇಶಕ್ಕೆ ಸೆಳೆಯಲು ಯಾವ ಕಡಲತೀರ ಅನುಕೂಲವೆಂದು 1960ರ ದಶಕದ ಕೊನೆಯಲ್ಲಿ ಅವರು ಹುಡುಕಾಡಿ, ಜನವಸತಿಯೇ ಇಲ್ಲವೆನ್ನಬಹುದಾದ ಒಂದು ಮರಳಿನ ದಿಣ್ಣೆಯನ್ನು ಆರಿಸಿದರು. 1970ರಲ್ಲಿ ಕೆಲಸ ಆರಂಭವಾಯಿತು. 1974ರಲ್ಲಿ ಮೊದಲ ಹೋಟೆಲುಗಳು ಬಾಗಿಲು ತೆರೆದವು. ಅದೇ ವರ್ಷ ಕಿಂತಾನಾ ರೋ ಎಂಬ ಆ ಸೀಮೆಗೆ ಪೂರ್ಣ ರಾಜ್ಯದ ಪದವಿಯೂ ದೊರೆಯಿತು. ಈಗ ಆ ಪಟ್ಟಣದಲ್ಲಿ 9 ಲಕ್ಷದಷ್ಟು ಜನರಿದ್ದಾರೆ. 2023ರಲ್ಲಿ ಅಲ್ಲಿಯ ವಿಮಾನ ನಿಲ್ದಾಣವನ್ನು ಹಾದುಹೋದ ಪ್ರಯಾಣಿಕರ ಸಂಖ್ಯೆ 3 ಕೋಟಿಗೂ ಮಿಕ್ಕಿತ್ತು.

ಇಷ್ಟು ದೂರದ ಊರಿನ ಮಾತು ನಮ್ಮ ಗೃಹಸ್ಥರಿಗೇಕೆ ಎಂದು ಕೆಲವರು ಕೇಳಬಹುದು. ಅಮೆರಿಕದಲ್ಲಿ ಉದ್ಯೋಗಕ್ಕಿರುವ ನಮ್ಮವರ ಮಕ್ಕಳು ರಜೆ ಬಂದಾಗ ಹೋಗತಕ್ಕ ಸ್ಥಳಗಳಲ್ಲಿ ಇದೂ ಒಂದು. ಅಮೆರಿಕದ ವೀಸಾ ಕೈಯಲ್ಲಿರುವ ಭಾರತೀಯರಿಗೆ ಮೆಕ್ಸಿಕೋ ದೇಶದ ಬೇರೆ ವೀಸಾ ಬೇಕಾಗುವುದಿಲ್ಲ. ವಿಮಾನದ ಪ್ರಯಾಣವೂ ಕೆಲವೇ ಗಂಟೆಗಳದು. ನೀಲಿಯ ನೀರು, ಬಿಳಿಯ ಮರಳು, ಸಮೀಪದಲ್ಲಿಯೇ ಮಾಯಾ ಜನರ ಪುರಾತನ ದೇಗುಲಗಳು, ಹೋಗಬೇಕೆನ್ನಿಸುವುದು ಸಹಜವೇ. ಆದರೆ 2021ನೆಯ ಅಕ್ಟೋಬರ್ 20ರ ರಾತ್ರಿ, ಕಾನ್ಕೂನಿನಿಂದ ದಕ್ಷಿಣಕ್ಕೆ ಸುಮಾರು 130 ಕಿಲೋಮೀಟರು ದೂರದ ತುಲೂಮ್ ಎಂಬ ಊರಿನಲ್ಲಿ, ಬೀದಿಯ ಬದಿಯ ಒಂದು ಭೋಜನಗೃಹದಲ್ಲಿದ್ದ ಇಬ್ಬರು ಸ್ತ್ರೀಯರು ಗುಂಡೇಟಿಗೆ ಸಿಕ್ಕಿ ಮೃತರಾದರು. ಒಬ್ಬಾಕೆ ಜರ್ಮನಿಯವರು, ಇನ್ನೊಬ್ಬಾಕೆ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ತರುಣಿ. ಮತ್ತೆ ಮೂವರು ಪ್ರವಾಸಿಗಳಿಗೆ ಗಾಯಗಳಾದವು. ಬೀದಿಯಲ್ಲಿ ಮಾದಕ ಪದಾರ್ಥ ಮಾರುವ ಎರಡು ತಂಡಗಳವರು ಪರಸ್ಪರ ಗುಂಡು ಹಾರಿಸಿದರೆಂದು ಅಲ್ಲಿಯ ಅಧಿಕಾರಿಗಳು ತಿಳಿಸಿದರು. ಊಟಕ್ಕೆಂದು ಬಂದಿದ್ದ ಈ ಸ್ತ್ರೀಯರಿಗೂ ಆ ಜಗಳಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಜಗಳ ಯಾವುದಕ್ಕಾಗಿ ಎಂದರೆ, ಆ ಬೀದಿಗಾಗಿಯೇ. ಇದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೊಕೇನು ಎಂಬ ಮಾದಕ ಪುಡಿ ದಕ್ಷಿಣ ಅಮೆರಿಕದ ಕೊಲಂಬಿಯ ಮೊದಲಾದ ದೇಶಗಳ ಮಾಲು. ಅದನ್ನು ಕೊಳ್ಳುವವರು ಹೆಚ್ಚಾಗಿ ಇರುವುದು ಉತ್ತರದ ಸಂಯುಕ್ತ ಸಂಸ್ಥಾನಗಳಲ್ಲಿ. ನಡುವೆ ಇರುವ ಕಿಂತಾನಾ ರೋ ತೀರವು ಕಳ್ಳಸಾಗಣೆಯವರಿಗೆ ಮೊದಮೊದಲು ಕೇವಲ ಇಳಿದಾಣವಾಗಿತ್ತು. ಅಲ್ಲಿ ಇಳಿದ ಮಾಲು ದೇಶದ ಉದ್ದಕ್ಕೂ ಸಾಗಿ ಉತ್ತರದ ಗಡಿಯನ್ನು ಸೇರುತ್ತಿತ್ತು. ಊರಿನ ಸಾಮಾನ್ಯ ಜನಕ್ಕೆ ಅದರ ಗಾಳಿ ಅಷ್ಟಾಗಿ ಸೋಕುತ್ತಿರಲಿಲ್ಲ. ಸೋಕಿದ್ದು ಮೇಲಿನವರಿಗೆ.

1993ರಿಂದ 1999ರವರೆಗೆ ಆ ರಾಜ್ಯದ ಗವರ್ನರಾಗಿದ್ದವನು ಮಾರಿಯೋ ವಿಯಾನುಯೇವಾ. ಹುವಾರೆಸ್ ಕೂಟವೆಂಬ ಕಳ್ಳಸಾಗಣೆಯವರ ಮಾಲು ತನ್ನ ಸೀಮೆಯಲ್ಲಿ ನಿರ್ವಿಘ್ನವಾಗಿ ಸಾಗುವುದಕ್ಕಾಗಿ ಒಂದೊಂದು ಸಾಗಣೆಗೂ 4 ಲಕ್ಷದಿಂದ 5 ಲಕ್ಷ ಡಾಲರುಗಳವರೆಗೆ ತೆಗೆದುಕೊಳ್ಳುತ್ತಿದ್ದನೆಂಬುದು ಅಮೆರಿಕದ ಸರ್ಕಾರ ಅವನ ಮೇಲೆ ಹೊರಿಸಿದ ಆಪಾದನೆ. ಅಧಿಕಾರದ ಅವಧಿ ಮುಗಿಯಲು ಕೆಲವೇ ದಿನಗಳಿರುವಾಗ ಆತ ಕಣ್ಮರೆಯಾದನು. 2001ರಲ್ಲಿ ಕಾನ್ಕೂನಿನಲ್ಲಿಯೇ ಸಿಕ್ಕಿಬಿದ್ದನು. 2010ರಲ್ಲಿ ಅವನನ್ನು ಅಮೆರಿಕಕ್ಕೆ ಒಪ್ಪಿಸಿದರು. ಕಳ್ಳಹಣವನ್ನು ಸಾಚಾ ಹಣವಾಗಿ ಮಾಡುವ ಒಳಸಂಚಿನಲ್ಲಿ ತಾನು ಸೇರಿದ್ದುದು ನಿಜವೆಂದು 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡನು; ಮಾರನೆಯ ವರ್ಷ ಹನ್ನೊಂದು ವರ್ಷಗಳಿಗೆ ಒಂದು ತಿಂಗಳು ಕಡಿಮೆಯಾಗಿ ಸೆರೆಮನೆಯ ಶಿಕ್ಷೆಯಾಯಿತು. ಗವರ್ನರೇ ಸುಂಕದ ಕಟ್ಟೆಯಲ್ಲಿ ಕುಳಿತ ಮೇಲೆ ಠಾಣೆಯ ಪೇದೆಯಿಂದ ಏನನ್ನು ನಿರೀಕ್ಷಿಸೋಣ?

ಪೇದೆಯ ಪಕ್ಷದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. 2009ರ ಫೆಬ್ರವರಿಯಲ್ಲಿ ಕಾನ್ಕೂನಿನ ಮೇಯರು ಪಟ್ಟಣದ ರಕ್ಷಣೆಯನ್ನು ಸರಿಪಡಿಸುವುದಕ್ಕಾಗಿ ಮೌರೋ ಎನ್ರಿಕೆ ತೇಯೋ ಎಂಬ ನಿವೃತ್ತ ಸೇನಾಧಿಕಾರಿಯನ್ನು ಕರೆಸಿಕೊಂಡರು. ಕೆಲಸಕ್ಕೆ ಸೇರಿ ಒಂದು ದಿನ ತುಂಬುವುದರೊಳಗೆ ಅವರ ಶವವೂ, ಜೊತೆಯಲ್ಲಿದ್ದ ಇಬ್ಬರ ಶವಗಳೂ ಊರ ಹೊರಗಿನ ರಸ್ತೆಯ ಬಳಿ ಸಿಕ್ಕಿದವು. ಕೊಲ್ಲುವ ಮುನ್ನ ಚಿತ್ರಹಿಂಸೆ ಮಾಡಿದ ಗುರುತುಗಳಿದ್ದವು. ಸೈನಿಕರು ಬಂದು ಪೋಲೀಸು ಕಚೇರಿಯನ್ನೇ ವಶಪಡಿಸಿಕೊಂಡು, ಪಟ್ಟಣದ ಪೋಲೀಸು ಮುಖ್ಯಾಧಿಕಾರಿಯನ್ನು ವಿಚಾರಣೆಗಾಗಿ ಹಿಡಿದಿಟ್ಟರು. ಮುಂದಿನ ವರ್ಷ ಆ ಮೇಯರೇ ಕಳ್ಳಸಾಗಣೆಯವರೊಡನೆ ಸಂಬಂಧವುಂಟೆಂಬ ಆಪಾದನೆಯ ಮೇಲೆ ಬಂಧಿತರಾಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು, 2011ರಲ್ಲಿ ಬಿಡುಗಡೆ ಹೊಂದಿದರು. ನಿವೃತ್ತ ಸೇನಾಧಿಕಾರಿಗೇ ಈ ಗತಿಯಾದುದನ್ನು ಕಂಡ ಸಾಮಾನ್ಯ ಪೋಲೀಸಿನವನು, ಹೆಂಡಿರು ಮಕ್ಕಳನ್ನು ಅದೇ ಊರಿನಲ್ಲಿಟ್ಟುಕೊಂಡು, ಕೈಯೊಡ್ಡದೆ ಇರುವುದು ಎಷ್ಟು ಕಠಿನವೆಂಬುದನ್ನು ವಾಚಕರೇ ಯೋಚಿಸಬಹುದು. ತೆಗೆದುಕೊಂಡರೆ ಹಣ, ಬೇಡವೆಂದರೆ ಗುಂಡು. ಇದು ಅವನ ತಪ್ಪಿಗೆ ಸಮಾಧಾನವಲ್ಲ, ಆದರೆ ಕಾರಣವಂತೂ ಹೌದು.

ನಮ್ಮಲ್ಲಿ ಇಂತಹ ಹಣಕ್ಕೆ ಮಾಮೂಲು ಎಂಬ ಹೆಸರಿದೆ. ಎಂದಿನ ವಾಡಿಕೆ ಎಂದರ್ಥ. ಲಂಚವನ್ನು ವಾಡಿಕೆಯೆಂದು ಕರೆದರೆ ಕೊಡುವವನಿಗೂ ನಾಚಿಕೆಯಿಲ್ಲ, ಕೊಳ್ಳುವವನಿಗೂ ಇಲ್ಲ. ಮೆಕ್ಸಿಕೋದವರು ಅದನ್ನು ಮೊರ್ದೀದಾ ಎನ್ನುತ್ತಾರೆ. ಹಾಗೆಂದರೆ ಕಚ್ಚು, ಹಲ್ಲಿನ ಕಚ್ಚು. ಅವರ ಶಬ್ದವೇ ಹೆಚ್ಚು ಪ್ರಾಮಾಣಿಕವೆಂದು ನಮ್ಮ ಅಭಿಪ್ರಾಯ.

ಹೋಟೆಲುಗಳು ಹೆಚ್ಚಿ, ರಾತ್ರಿಯ ಕುಣಿತದ ಮನೆಗಳು ಹೆಚ್ಚಿ, ಡಾಲರುಗಳನ್ನು ಜೇಬಿನಲ್ಲಿಟ್ಟುಕೊಂಡ ತರುಣರು ಲಕ್ಷಗಟ್ಟಲೆ ಬರತೊಡಗಿದ ಮೇಲೆ ಇಳಿದಾಣವೇ ಅಂಗಡಿಯೂ ಆಯಿತು. ಉತ್ತರಕ್ಕೆ ಸಾಗಿಸುವ ಶ್ರಮವೇಕೆ, ಗಿರಾಕಿಯೇ ಇಲ್ಲಿಗೆ ಬರುತ್ತಾನಲ್ಲ! ಆದರೆ ಸಾಗಣೆಗೂ ಚಿಲ್ಲರೆ ಮಾರಾಟಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಸಾಗಿಸುವವನಿಗೆ ಒಂದು ರಾತ್ರಿ ದಾರಿ ತೆರೆದಿದ್ದರೆ ಸಾಕು. ಮಾರುವವನಿಗಾದರೋ ದಿನಾಲೂ ನಿಲ್ಲುವುದಕ್ಕೆ ಒಂದು ಮೂಲೆ ಬೇಕು, ಒಂದು ಕುಣಿತದ ಮನೆಯ ಬಾಗಿಲು ಬೇಕು, ಕಡಲತೀರದಲ್ಲಿ ಇಷ್ಟಗಲ ಮರಳು ಬೇಕು. ಅಲ್ಲಿ ಬೇರೊಬ್ಬನು ನಿಲ್ಲಬಾರದು. ಕಾವಲಿನ ಪೋಲೀಸಿನವನು ನೋಡಿಯೂ ನೋಡದಂತಿರಬೇಕು. ಹೀಗೆ ನೆಲದ ಹಕ್ಕೇ ಬಂಡವಾಳವಾಗುತ್ತದೆ. ಈ ತಂಡಗಳವರು ಮಾದಕ ಪದಾರ್ಥಕ್ಕೆ ಸಂಬಂಧವೇ ಇಲ್ಲದ ಅಂಗಡಿಕಾರರಿಂದಲೂ ತಿಂಡಿಯ ಗಾಡಿಯವರಿಂದಲೂ ವಸೂಲು ಮಾಡುವ ಹಣಕ್ಕೆ ಅಲ್ಲಿಯ ಭಾಷೆಯಲ್ಲಿ ‘ನೆಲದ ಹಕ್ಕು’ ಎಂದೇ ಹೆಸರು. ಸರ್ಕಾರಕ್ಕೊಂದು ತೆರಿಗೆ, ಗೂಂಡನಿಗೊಂದು ತೆರಿಗೆ. ಕೊಡದಿದ್ದರೆ ಅಂಗಡಿಗೆ ಬೆಂಕಿ ಬೀಳಬಹುದು. ದೂರು ಕೊಡೋಣವೆಂದರೆ ಠಾಣೆಯಲ್ಲಿ ಬರೆದುಕೊಳ್ಳುವವನು ಯಾರ ಕಡೆಯವನೋ ತಿಳಿಯದು.

2017ರ ಜನವರಿ 16ರ ಮುಂಜಾವದಲ್ಲಿ ಪ್ಲಾಯಾ ದೆಲ್ ಕಾರ್ಮೆನ್ ಎಂಬ ನೆರೆಯ ಊರಿನಲ್ಲಿ, ಸಂಗೀತೋತ್ಸವ ನಡೆಯುತ್ತಿದ್ದ ಒಂದು ಕುಣಿತದ ಮನೆಯ ಬಾಗಿಲಲ್ಲಿ ಗುಂಡು ಹಾರಿ ಐವರು ಸತ್ತರು; ಕಾವಲಿಗಿದ್ದವರೂ ಅವರಲ್ಲಿ ಸೇರಿದ್ದರು. ಮರುದಿನವೇ ಕಾನ್ಕೂನಿನಲ್ಲಿ ಸರ್ಕಾರಿ ವಕೀಲರ ಕಚೇರಿಯ ಮೇಲೆಯೇ ದಾಳಿಯಾಯಿತು. ತುಲೂಮಿನ ದುರಂತವಾಗಿ ಹದಿನೈದು ದಿನಗಳು ಕಳೆದ ಮೇಲೆ, 2021ರ ನವೆಂಬರಿನಲ್ಲಿ, ಪುಯೆರ್ತೋ ಮೊರೆಲೋಸ್ ಎಂಬಲ್ಲಿ ಬಂದೂಕುಧಾರಿಗಳು ದೊಡ್ಡ ಹೋಟೆಲೊಂದರ ಮುಂದಿನ ತೀರಕ್ಕೆ ಬಂದು ಇಬ್ಬರು ಮಾರಾಟಗಾರರನ್ನು ಕೊಂದರು; ಅತಿಥಿಗಳು ಹೋಟೆಲಿನೊಳಗೆ ಓಡಿ ಅಡಗಿಕೊಂಡರು. ಡಿಸೆಂಬರಿನಲ್ಲಿ ಸರ್ಕಾರವು ಪ್ರವಾಸಿಗಳ ರಕ್ಷಣೆಗೆಂದೇ ಸುಮಾರು 1,450 ಸೈನಿಕರ ಒಂದು ಪಡೆಯನ್ನು ಕಳುಹಿಸಿತು. ಸ್ನಾನದ ಉಡುಪಿನವರ ನಡುವೆ ಶಿರಸ್ತ್ರಾಣ ಧರಿಸಿದ ಸಿಪಾಯಿಗಳು ಮರಳಿನಲ್ಲಿ ಬೂಟುಗಾಲೂರಿ ನಡೆಯುವ ಛಾಯಾಚಿತ್ರಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಮಾರನೆಯ ತಿಂಗಳೇ ಮತ್ತೊಂದು ಹೋಟೆಲಿನೊಳಗೆ ಕೆನಡದ ಇಬ್ಬರು ಗುಂಡಿಗೆ ಬಲಿಯಾದರು.

ಸಿಪಾಯಿಯ ಬೂಟು ತೀರದ ಮೇಲಿನ ಮಾರಾಟಗಾರನನ್ನು ನಾಲ್ಕು ದಿನ ಓಡಿಸಬಲ್ಲದು, ಕೊಳ್ಳುವವನ ಚಪಲವನ್ನು ಓಡಿಸಲಾರದು. ಇಲ್ಲಿಯೇ ನಾವು ಮುಖ್ಯವಾಗಿ ಹೇಳಬೇಕಾದ ಮಾತು ಇರುವುದು. ರಜೆಗೆ ಬಂದವನು ಅರ್ಧ ಗ್ರಾಂ ಪುಡಿಯನ್ನು ಕೊಳ್ಳುತ್ತಾನೆ. ಒಂದು ರಾತ್ರಿಯ ಮೋಜು, ಯಾರಿಗೇನು ನಷ್ಟ ಎಂದು ಭಾವಿಸುತ್ತಾನೆ. 2009ರ ಕಾಯಿದೆಯ ಪ್ರಕಾರ ಸ್ವಂತಕ್ಕಾಗಿ ಅರ್ಧ ಗ್ರಾಂ ಕೊಕೇನು ಅಥವಾ 5 ಗ್ರಾಂ ಗಾಂಜಾ ಇಟ್ಟುಕೊಂಡವನ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬುದನ್ನೂ ಯಾರೋ ಅವನಿಗೆ ಹೇಳಿರುತ್ತಾರೆ. ಮಾರುವುದಂತೂ ಅಪರಾಧವೇ. ಆದ್ದರಿಂದ ಅವನು ಕೊಟ್ಟ ಹಣದ ಒಂದು ಪಾಲು ನೆಲವನ್ನು ಕಾಯುವ ಬಂದೂಕಿಗೂ ಒಂದು ಪಾಲು ಕಣ್ಣು ಮುಚ್ಚುವ ಪೋಲೀಸಿನವನಿಗೂ ಸಲ್ಲುತ್ತದೆ. ಅದೇ ಬಂದೂಕು ಪಕ್ಕದ ಬೀದಿಯಲ್ಲಿ ಊಟಕ್ಕೆ ಬಂದವರ ಮೇಲೆ ತಿರುಗಿದಾಗ, ಕೊಂಡವನು ತನ್ನ ದೇಶಕ್ಕೆ ಮರಳಿ ಆಫೀಸಿನಲ್ಲಿ ಕುಳಿತಿರುತ್ತಾನೆ. ಪತ್ರಿಕೆಗಳು ಮೆಕ್ಸಿಕೋದವರ ಕ್ರೌರ್ಯವನ್ನು ವರ್ಣಿಸುವಷ್ಟು ಈ ಅತಿಥಿಯ ಪಾಲನ್ನು ವರ್ಣಿಸುವುದಿಲ್ಲ. ಅವನು ಜಾಹೀರಾತುದಾರರ ಅತಿಥಿಯೂ ಹೌದಲ್ಲವೆ!

ಬಲಿಷ್ಠರ ಮುಂದೆ ಕಣ್ಣು ಮುಚ್ಚುವ ಪೋಲೀಸು ದುರ್ಬಲರ ಮುಂದೆ ಹೇಗಿರುತ್ತದೆಂಬುದಕ್ಕೆ ಅದೇ ತುಲೂಮಿನಲ್ಲಿ, ಅದೇ 2021ರ ಮಾರ್ಚಿಯಲ್ಲಿ ನಿದರ್ಶನ ದೊರೆಯಿತು. ಎಲ್ ಸಾಲ್ವಡಾರಿನಿಂದ ಆಶ್ರಯ ಬೇಡಿ ಬಂದು ನೆಲೆಸಿದ್ದ, ಮಕ್ಕಳೊಂದಿಗಳಾದ ಒಬ್ಬ ಹೆಂಗಸನ್ನು ಹಗಲಿನಲ್ಲಿಯೇ ರಸ್ತೆಯ ಮೇಲೆ ಬೋರಲು ಕೆಡವಿ, ಪೋಲೀಸಿನವರೊಬ್ಬರು ಬೆನ್ನಿನ ಮೇಲೆ ಮೊಳಕಾಲೂರಿದರು. ಆಕೆ ಅಲ್ಲಿಯೇ ಪ್ರಾಣ ಬಿಟ್ಟಳು. ಕುತ್ತಿಗೆಯ ಮೂಳೆ ಮುರಿದಿತ್ತೆಂದು ಶವಪರೀಕ್ಷೆಯಿಂದ ತಿಳಿಯಿತು. ನಾಲ್ವರು ಪೋಲೀಸಿನವರನ್ನು ಬಂಧಿಸಿದರು. ಹೋಟೆಲುಗಳ ಹಾಸಿಗೆ ಹಾಸುವವರೂ ಪಾತ್ರೆ ತೊಳೆಯುವವರೂ ಇಂತಹ ಬಡವರ ಪೈಕಿಯೇ. ಅವರು ವಾಸಿಸುವುದು ತೀರದಿಂದ ಒಳಗಿನ ಬಡಾವಣೆಗಳಲ್ಲಿ. ಪ್ರವಾಸಿಗಳ ರಕ್ಷಣೆಯ ಪಡೆ ಅವರಿಗಾಗಿ ಬಂದುದಲ್ಲ.

ಇಷ್ಟೆಲ್ಲ ಓದಿ, ಅಲ್ಲಿಗೆ ಹೊರಟ ಮಕ್ಕಳನ್ನು ತಡೆಯಬೇಕೆಂದು ನಾವು ಹೇಳುವುದಿಲ್ಲ. ಕೋಟಿಗಟ್ಟಲೆ ಜನರು ಹೋಗಿ ಕ್ಷೇಮವಾಗಿ ಹಿಂದಿರುಗುತ್ತಾರೆ. ಕತ್ತಲಾದ ಮೇಲೆ ದೀಪವೂ ಜನಸಂಚಾರವೂ ಇರುವ ಬೀದಿಗಳನ್ನು ಬಿಟ್ಟು ಹೋಗದಿರುವುದು ಉತ್ತಮ. ಬಾಡಿಗೆಯ ಕಾರನ್ನು ನಡೆಸುವವರನ್ನು ತಡೆದು, ತಪ್ಪು ಮಾಡಿದಿರೆಂದು ಹೆದರಿಸಿ, ಅಲ್ಲಿಯೇ ಹಣ ಕೇಳುವ ಪೋಲೀಸಿನವರುಂಟು. ದಂಡವನ್ನು ಕಟ್ಟತಕ್ಕ ಸ್ಥಳ ಕಚೇರಿಯೇ ಹೊರತು ರಸ್ತೆಯಲ್ಲ. ಬರಹದಲ್ಲಿ ಚೀಟಿ ಕೊಡಿರೆಂದು ಸಮಾಧಾನವಾಗಿ ಕೇಳಬೇಕು. ಅಪಾಯದಲ್ಲಿ ಸಹಾಯಕ್ಕಾಗಿ ಕರೆಯುವ ದೂರವಾಣಿ ಸಂಖ್ಯೆ 911.

ಔಷಧದ ವಿಷಯದಲ್ಲಂತೂ ತಾಯಂದಿರು ತಪ್ಪದೆ ಎಚ್ಚರಿಕೆ ಹೇಳಿ ಕಳುಹಿಸಬೇಕು. ಅಲ್ಲಿಯ ಕೆಲವು ಔಷಧದಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಬಿಡಿಬಿಡಿಯಾಗಿ ಮಾರುವ ತೀವ್ರವಾದ ನೋವಿನ ಮಾತ್ರೆಗಳು ಖೋಟಾ ಇರಬಹುದೆಂದೂ, ಅವುಗಳಲ್ಲಿ ಫೆಂಟನಿಲ್ ಎಂಬ ಮಾರಕ ವಸ್ತು ಸೇರಿರಬಹುದೆಂದೂ ಅಮೆರಿಕದ ಸರ್ಕಾರ 2023ರ ಮಾರ್ಚಿಯಲ್ಲಿ ಎಚ್ಚರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಕಾನ್ಕೂನ್, ಪ್ಲಾಯಾ ದೆಲ್ ಕಾರ್ಮೆನ್, ತುಲೂಮ್ ಈ ಮೂರು ಊರುಗಳಲ್ಲಿ ಮೆಕ್ಸಿಕೋದ ಅಧಿಕಾರಿಗಳು ತಪಾಸಣೆ ಮಾಡಿ 23 ಔಷಧದಂಗಡಿಗಳನ್ನು ಮುಚ್ಚಿಸಿದರು. ಜ್ವರ, ತಲೆನೋವು, ಹೊಟ್ಟೆಯ ಕೆಡುಕುಗಳಿಗೆ ಬೇಕಾದ ಮದ್ದನ್ನು ಹೊರಡುವಾಗಲೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ವೈದ್ಯರ ಚೀಟಿಯೂ ಜೊತೆಯಲ್ಲಿರಲಿ.