ತೆಗೆಸಿಬಿಡಿ ಎನ್ನುವವರಿಗೆ

"ಮಕ್ಕಳಾದವಲ್ಲ, ಇನ್ನೇಕೆ ಗರ್ಭಕೋಶ? ತೆಗೆಸಿಬಿಡಿ!" ಅರಸೀಕೆರೆಯಲ್ಲಿ, ಬೇಲೂರು-ಹಳೇಬೀಡುಗಳಲ್ಲಿ ಈ ಬುದ್ಧಿಮಾತನ್ನು ಎಷ್ಟು ಕೇಳಿಲ್ಲ ನಾನು!

ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಕ್ಯಾನ್ಸರಾದರೆ, ಔಷಧಿಗೆ ಬಗ್ಗದ ರಕ್ತಸ್ರಾವವಾದರೆ ಆಪರೇಷನ್ ಬೇಕು, ಒಪ್ಪೋಣ. ಸುಮ್ಮಸುಮ್ಮನೆ ಏಕೆ? ಜೊತೆಗೆ ಅಂಡಾಶಯವನ್ನೂ ಚಿಕ್ಕ ವಯಸ್ಸಿಗೇ ತೆಗೆದರೆ ಮೂಳೆ ಸವೆಯುತ್ತದೆ, ಹೃದ್ರೋಗದ ಭಯ ಹೆಚ್ಚುತ್ತದೆ.

ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರು 2015ರಲ್ಲಿ ಬಯಲಿಗೆ ಬಂತು. ನಮ್ಮ ನೆರೆಯ ಬೀರೂರಿನಲ್ಲೂ ಇಂಥದೇ ದೂರು ಎದ್ದಿತ್ತು. ಇದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ಅಕ್ಕಂದಿರೇ, ಸಹಿ ಹಾಕುವ ಮೊದಲು ಇನ್ನೊಬ್ಬ ವೈದ್ಯರಿಗೆ ತೋರಿಸಿ. ಅಂಡಾಶಯ ಉಳಿಯುತ್ತದೆಯೇ, ಬೇರೆ ಚಿಕಿತ್ಸೆ ಇಲ್ಲವೇ ಎಂದು ಬಾಯಿಬಿಟ್ಟು ಕೇಳಿ.