ರೋಬೋಟಿಕ್ಸ್ ಸ್ಪರ್ಧೆಯ ಮೊದಲ ಮೆಟ್ಟಿಲು ಬೀದರ್ ಜಿಲ್ಲೆಯಲ್ಲೇ ಇರಲಿ: ಮನವಿ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ
(ಮಾನ್ಯ ಜಿಲ್ಲಾಧಿಕಾರಿಗಳು, ಬೀದರ್ ಇವರ ಮುಖಾಂತರ)

ವಿಷಯ: ವಿದ್ಯಾರ್ಥಿ ರೋಬೋಟಿಕ್ಸ್ ಸ್ಪರ್ಧೆಗೆ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಅರ್ಹತಾ ಸುತ್ತು ಏರ್ಪಡಿಸುವ ಕುರಿತು.

ಮಾನ್ಯರೇ,

ಬೀದರ್ ನಗರ, ಭಾಲ್ಕಿ ಮತ್ತು ಔರಾದಿನ ಪೋಷಕರು ಹಾಗೂ ವಿಜ್ಞಾನ ಶಿಕ್ಷಕರಾದ ನಾವು ಮಾಡಿಕೊಳ್ಳುವ ಮನವಿ ಏನೆಂದರೆ:

ನಮ್ಮೂರ ಹುಡುಗಿ ಖೋಖೋದಲ್ಲಿ ಚುರುಕಾಗಿದ್ದರೆ ವಲಯ ಮಟ್ಟದಲ್ಲಿ ಆಡುತ್ತಾಳೆ. ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಹಾಡುವ ಮಗುವಿಗೆ ಪ್ರತಿಭಾ ಕಾರಂಜಿ ಕ್ಲಸ್ಟರಿನಿಂದಲೇ ಶುರುವಾಗುತ್ತದೆ. ರೋಬೋಟ್ ಕಟ್ಟುವ ಮಗುವಿಗೆ ಮಾತ್ರ ಮೊದಲ ಮೆಟ್ಟಿಲೇ ದೂರದ ಮಹಾನಗರದಲ್ಲಿದೆ.

ವರ್ಲ್ಡ್ ರೋಬೋಟ್ ಒಲಿಂಪಿಯಾಡನ್ನೇ ನೋಡಿ. 2004ರಲ್ಲಿ ಆರಂಭವಾದ ಈ ಸ್ಪರ್ಧೆಯ ಅಂತಿಮ ಸುತ್ತು 2016ರಲ್ಲಿ ನಮ್ಮ ದೆಹಲಿಯಲ್ಲೇ ನಡೆದಿತ್ತು. ಇದರ ರೋಬೋಮಿಷನ್ ವಿಭಾಗದಲ್ಲಿ ಇಬ್ಬರು ಅಥವಾ ಮೂವರು ಮಕ್ಕಳ ತಂಡ, ಜೊತೆಗೊಬ್ಬ ತರಬೇತುದಾರ. ರೋಬೋಟ್ ರಿಮೋಟ್ ಇಲ್ಲದೆ, ತಾನಾಗಿಯೇ 2 ನಿಮಿಷದೊಳಗೆ ಕೆಲಸ ಮುಗಿಸಬೇಕು. ಸ್ಪರ್ಧೆಯ ದಿನ ಬೆಳಗ್ಗೆ ಯಾರಿಗೂ ಮೊದಲೇ ಗೊತ್ತಿಲ್ಲದ ಹೊಸ ನಿಯಮವೊಂದನ್ನು ಕೊಡುತ್ತಾರೆ. ಆಗ ತರಬೇತುದಾರ ಹೊರಗೇ ನಿಲ್ಲಬೇಕು, ಮಕ್ಕಳೇ ಯೋಚಿಸಿ ಪ್ರೋಗ್ರಾಂ ತಿದ್ದಬೇಕು. ಪ್ರಾದೇಶಿಕ ಸುತ್ತಿನಲ್ಲಿ ಮೇಲೆ ಬಂದವರು ರಾಷ್ಟ್ರಮಟ್ಟಕ್ಕೆ, ಅಲ್ಲಿಂದ ಅಂತರರಾಷ್ಟ್ರೀಯ ಸುತ್ತಿಗೆ ಹೋಗುತ್ತಾರೆ. ಈ ನಿಯಮಗಳ ಬಗ್ಗೆ ನಮ್ಮ ತಕರಾರಿಲ್ಲ, ಅವು ಒಳ್ಳೆಯ ನಿಯಮಗಳು. ನಮ್ಮ ಮಕ್ಕಳು ಸೋಲುವುದು ಸ್ಪರ್ಧೆಯ ಮೇಜಿನ ಬಳಿ ಹೋಗುವ ಮೊದಲೇ.

ನಮ್ಮಲ್ಲೊಬ್ಬ ಶಿಕ್ಷಕರು ಔರಾದಿನ ಮೂವರು ಮಕ್ಕಳೊಂದಿಗೆ ಬೆಂಗಳೂರಿನ ಸುತ್ತಿಗೆ ಹೋಗಿ ಬಂದ ಅನುಭವ ಹೇಳಬೇಕು. ರೋಬೋಟ್ ಓಡುವ ಸ್ಪರ್ಧೆಯ ಹಾಸು 2362 × 1143 ಮಿಲಿಮೀಟರ್ ಅಳತೆಯದು. ಅದು ಶಾಲೆಯಲ್ಲಿರಲಿಲ್ಲ. ಮಕ್ಕಳು ತರಗತಿಯ ನೆಲಕ್ಕೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಔರಾದಿಗೆ ರೈಲಿಲ್ಲವಾದ್ದರಿಂದ ಮೊದಲು ಬಸ್ಸಿನಲ್ಲಿ ಬೀದರಿಗೆ ಬಂದು, ರಾತ್ರಿಯಿಡೀ ಪ್ರಯಾಣಿಸಿ, ನಿದ್ದೆಗೆಟ್ಟು ಸಭಾಂಗಣ ತಲುಪಿದರು. ಅಲ್ಲಿಯ ಬೆಳಕೇ ಬೇರೆ, ಹಾಸಿನ ಹೊಳಪೇ ಬೇರೆ. ತರಗತಿಯಲ್ಲಿ ಕಪ್ಪು ಗೆರೆಯನ್ನು ತಪ್ಪದೆ ಗುರುತಿಸುತ್ತಿದ್ದ ಸೆನ್ಸರ್ ಅಲ್ಲಿ ಗೆರೆ ಬಿಟ್ಟು ಓಡಿತು. ಹೊಸ ನಿಯಮದ ಚೀಟಿ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಮಾತಾಡುವ ಆ ಮಕ್ಕಳು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಹೊತ್ತು ಕಳೆದಿತ್ತು. ಊರಿಗೆ ಮರಳುವ ದಾರಿಯಲ್ಲಿ ಒಬ್ಬ ಹುಡುಗ, "ಸರ್, ಆ ಹಾಸನ್ನು ಒಂದೇ ಸಲ ಮೊದಲೇ ನೋಡಿದ್ದರೆ ಸಾಕಿತ್ತು" ಅಂದನಂತೆ. ಈ ಮನವಿ ಹುಟ್ಟಿದ್ದು ಆ ಮಾತಿನಿಂದ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ: ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ತಾಲ್ಲೂಕು ಸುತ್ತು, ಬಳಿಕ ಬೀದರಿನಲ್ಲಿ ಜಿಲ್ಲಾ ಸುತ್ತು ನಡೆಯಲಿ. ಇದು ಸಂಘಟಕರ ಸ್ಪರ್ಧೆಗೆ ಬದಲಿಯಲ್ಲ, ಅದಕ್ಕೆ ಸಿದ್ಧಗೊಳಿಸುವ ಸುತ್ತು. ಹಾಸಿನ ವಿನ್ಯಾಸವನ್ನು ಸಂಘಟಕರೇ ಪ್ರಕಟಿಸುತ್ತಾರೆ. ನಮ್ಮೂರ ಫ್ಲೆಕ್ಸ್ ಅಂಗಡಿ ಅದನ್ನು ಮುದ್ರಿಸಿಕೊಡಬಲ್ಲದು, ಮೇಜನ್ನು ನಮ್ಮೂರ ಬಡಗಿಯೇ ಮಾಡಬಲ್ಲ. ದುಬಾರಿಯಾದದ್ದು ರೋಬೋಟ್ ಕಟ್ಟುವ ಕಿಟ್. ಒಂದೊಂದು ತಾಲ್ಲೂಕಿಗೂ ಕೆಲವು ಕಿಟ್‌ಗಳನ್ನು ಮಂಡಳಿ ಕೊಡಿಸಿದರೆ, ಶಾಲೆಗಳು ಸರದಿಯಂತೆ ಬಳಸಿಕೊಳ್ಳುತ್ತವೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳು ವಾರಕ್ಕೊಮ್ಮೆ ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳಿಗೂ ಬಾಗಿಲು ತೆರೆಯಲಿ. ತೀರ್ಪುಗಾರರಾಗಿ ಬೀದರಿನ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜು ಮತ್ತು ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯದ ವಿದ್ಯಾರ್ಥಿಗಳನ್ನು ಕೋರಬಹುದು.

ಜಿಲ್ಲಾ ಸುತ್ತಿಗೆ ಪ್ರತಿ ತಾಲ್ಲೂಕಿನಿಂದ ಕನಿಷ್ಠ ಒಂದು ಸರ್ಕಾರಿ ಶಾಲಾ ತಂಡ ಬರಲೇಬೇಕೆಂಬ ನಿಯಮವೂ ಇರಲಿ. ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಔರಾದ್ ಒಂದು. ಸ್ವಂತ ಕಿಟ್ ಇಟ್ಟುಕೊಂಡು ವರ್ಷಗಟ್ಟಲೆ ಕಲಿತ ನಗರದ ಮಗುವಿನೊಂದಿಗೆ ಅಲ್ಲಿಯ ಮಗುವನ್ನು ಮೊದಲ ದಿನವೇ ಎದುರುಬದುರು ನಿಲ್ಲಿಸುವುದು ಸರಿಯಲ್ಲ.

ನಿಯಮಾವಳಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಸಿಗಲಿ. ಗೆದ್ದ ತಂಡಗಳ ನೋಂದಣಿ ಶುಲ್ಕ, ಪ್ರಯಾಣ, ವಸತಿಯನ್ನು ಮಂಡಳಿ ವಹಿಸಲಿ. ಹೆಣ್ಣುಮಕ್ಕಳ ತಂಡದೊಂದಿಗೆ ಶಿಕ್ಷಕಿಯೊಬ್ಬರನ್ನು ಕಳುಹಿಸುವ ವ್ಯವಸ್ಥೆಯಾಗಲಿ, ಇದಿಲ್ಲವೆಂದೇ ಮನೆಯವರು ಬೇಡವೆಂದ ನಿದರ್ಶನಗಳು ನಮ್ಮ ಮುಂದಿವೆ. ಜೊತೆಗೆ ಹೋಗುವ ಶಿಕ್ಷಕರ ಆ ದಿನಗಳನ್ನು ಕರ್ತವ್ಯವೆಂದೇ ಪರಿಗಣಿಸಬೇಕು. ಪ್ರಾದೇಶಿಕ ಸುತ್ತೊಂದನ್ನು ಕಲಬುರಗಿಯಲ್ಲಿ ನಡೆಸುವಂತೆ ಮಂಡಳಿಯೇ ಸಂಘಟಕರಿಗೆ ಪತ್ರ ಬರೆಯಲಿ.

ಸಂವಿಧಾನದ 371(ಜೆ) ವಿಧಿಯ ಆಶಯದಂತೆ ರಚನೆಯಾದ ಮಂಡಳಿ ತಮ್ಮದು. ಶಿಕ್ಷಣಕ್ಕೆಂದೇ 'ಅಕ್ಷರ ಆವಿಷ್ಕಾರ' ಯೋಜನೆ ತಮ್ಮಲ್ಲಿದೆ. ಮುಂದಿನ ಕ್ರಿಯಾಯೋಜನೆಯಲ್ಲಿ ಇದನ್ನು ಸೇರಿಸಿ, ಜೂನ್ ತಿಂಗಳೊಳಗೆ ಕಿಟ್ ಮತ್ತು ಹಾಸು ಮೂರೂ ತಾಲ್ಲೂಕುಗಳಿಗೆ ತಲುಪುವಂತೆ ಆದೇಶಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಪೋಷಕರು ಹಾಗೂ ವಿಜ್ಞಾನ ಶಿಕ್ಷಕರು

ಸ್ಥಳ: ಬೀದರ್
ಪ್ರತಿ: ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಬೀದರ್